ಮೊದಲ ಮೂರು ತಿಂಗಳಲ್ಲಿ ಗರ್ಭಪಾತವಾದರೆ: ಅಡ್ಮಿಟ್ ಆಗದೆ ಚಿಕಿತ್ಸೆ ಪಡೆಯುವ ಸಮಗ್ರ ಮಾರ್ಗದರ್ಶಿ

ಎಂಟನೇ ವಾರದ ಸ್ಕ್ಯಾನ್ ಮುಗಿಸಿ ಹೊರಗೆ ಬಂದಾಗ ನನ್ನ ತಂಗಿಯ ಕೈಯಲ್ಲಿ ಎರಡು ಕಾಗದ ಇದ್ದವು. ರಿಪೋರ್ಟಿನಲ್ಲಿ ಎದೆಬಡಿತ ಕಾಣುತ್ತಿಲ್ಲ ಎಂದಿತ್ತು. ಇನ್ನೊಂದು ಸಣ್ಣ ಚೀಟಿಯಲ್ಲಿ ‘ನಾಳೆ ಬೆಳಿಗ್ಗೆ 6, ಖಾಲಿ ಹೊಟ್ಟೆ’ ಎಂದು ಬರೆದಿತ್ತು. ಇವೆರಡರ ನಡುವೆ ಅವಳನ್ನು ಕೂರಿಸಿ ಮಾತಾಡಿದವರು ಯಾರೂ ಇಲ್ಲ. ಕಾರಿಡಾರಿನಿಂದಲೇ ನನಗೆ ಫೋನ್ ಮಾಡಿದಳು. “ಅಕ್ಕಾ, ನಾಳೆನೇ ಕ್ಲೀನ್ ಮಾಡಿಸ್ಬೇಕಂತೆ. ಇಲ್ಲಾಂದ್ರೆ ಒಳಗೇ ನಂಜಾಗುತ್ತಂತೆ. ಹೌದಾ?”

ನಾನು ಹೆಂಗಸರ ಒಪಿಡಿಯಲ್ಲಿ ನರ್ಸ್. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಇಷ್ಟೇ: ಜಾಸ್ತಿ ರಕ್ತ ಹೋಗುತ್ತಿಲ್ಲ, ಜ್ವರ ಇಲ್ಲ, ಗರ್ಭ ಗರ್ಭಕೋಶದ ಒಳಗೇ ಇದೆ ಎಂದು ಗೊತ್ತಾಗಿದೆ ಎಂದರೆ ನಾಳೆಯೇ ಏನೂ ಮಾಡಬೇಕಾಗಿಲ್ಲ. ಕೆಲವು ದಿನ, ಬೇಕಾದರೆ ಒಂದೆರಡು ವಾರ ಸಮಯವಿದೆ. ಆ ಸಮಯದಲ್ಲಿ ನೀವು ಯೋಚಿಸಬಹುದು, ಇನ್ನೊಬ್ಬ ವೈದ್ಯರನ್ನು ಕೇಳಬಹುದು, ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಮೂರರಲ್ಲಿ ಯಾವುದಕ್ಕೂ ಸಾಮಾನ್ಯವಾಗಿ ಅಡ್ಮಿಟ್ ಆಗಬೇಕಿಲ್ಲ.

ಇದು ಸುಮಾರು 12 ವಾರದೊಳಗಿನ ಗರ್ಭಪಾತಕ್ಕೆ ಮಾತ್ರ. ಅದು ದಾಟಿದ್ದರೆ ಚಿಕಿತ್ಸೆ ಬೇರೆ, ಆಸ್ಪತ್ರೆಯಲ್ಲೇ ಆಗಬೇಕು.

ಮೊದಲ ಕೆಲಸ: ಈಗಲೇ ಅಪಾಯ ಇದೆಯಾ ನೋಡುವುದು

ಬಸಿರಿನ ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ಬಸಿರು ಚೆನ್ನಾಗಿಯೇ ಮುಂದುವರಿಯುತ್ತದೆ. ಹಾಗಾಗಿ ಒಂದೆರಡು ಹನಿ ಸ್ಪಾಟಿಂಗ್ ಕಂಡರೆ ಗಾಬರಿ ಬೇಡ. ಆದರೆ ಪರೀಕ್ಷೆ ಮಾಡಿಸಿ.

ಕೆಳಗಿನವು ಕಂಡರೆ ಮಾತ್ರ ಒಪಿಡಿ ಸಮಯಕ್ಕೆ ಕಾಯಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

- ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಪೂರ್ತಿ ನೆನೆಯುತ್ತಿದೆ, ಹೀಗೇ ಎರಡು ಗಂಟೆ ಆಗಿದೆ
- ತಲೆಸುತ್ತು, ಕಣ್ಣು ಕತ್ತಲೆ, ಎದ್ದು ನಿಲ್ಲಲು ಆಗುತ್ತಿಲ್ಲ
- ಹೊಟ್ಟೆಯ ಒಂದೇ ಕಡೆ ತಡೆಯಲಾಗದ ನೋವು, ಅಥವಾ ಭುಜದ ತುದಿಯಲ್ಲಿ ನೋವು
- 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ (ಮಾತ್ರೆಯ ದಿನ ಬರುವ ಜ್ವರದ ಬಗ್ಗೆ ಕೆಳಗೆ ಹೇಳಿದ್ದೇನೆ), ಕೆಟ್ಟ ವಾಸನೆಯ ಸ್ರಾವ

ಭುಜದ ನೋವು ಇಲ್ಲಿ ಯಾಕೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಗರ್ಭ ಟ್ಯೂಬಿನಲ್ಲಿ ಕೂತು ಆ ಟ್ಯೂಬ್ ಒಡೆದರೆ ರಕ್ತ ಹೊಟ್ಟೆಯೊಳಗೆ ತುಂಬುತ್ತದೆ. ಆ ರಕ್ತ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು ಕೆಣಕಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ. ಹೊರಗೆ ಹೆಚ್ಚು ರಕ್ತ ಕಾಣುವುದಿಲ್ಲ, ಹೆಂಗಸು ಬೆಳ್ಳಗಾಗುತ್ತಾ ಹೋಗುತ್ತಾಳೆ. ಇಂಥ ಬಸಿರು ನೂರರಲ್ಲಿ ಒಂದೆರಡು ಮಾತ್ರ. ಆದರೆ ಆರಂಭದ ದಿನಗಳಲ್ಲಿ ಜೀವ ತೆಗೆಯುವಂಥದ್ದು ಇದೇ. ಅದಕ್ಕೇ ಸ್ಕ್ಯಾನ್ ಇಲ್ಲದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಟ್ಯೂಬಿನ ಬಸಿರನ್ನು ಆ ಮಾತ್ರೆ ಹೊರಹಾಕುವುದಿಲ್ಲ. ರಕ್ತ ಹೋಯಿತು, ಮುಗಿಯಿತು ಎಂಬ ಸುಳ್ಳು ಧೈರ್ಯ ಮಾತ್ರ ಸಿಗುತ್ತದೆ.

ಎರಡನೆಯದು: ನಿಜವಾಗಿಯೂ ಗರ್ಭಪಾತವೇ?

ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದರೆ ಎರಡು ಅಂಕಿ ಹುಡುಕಿ. ಒಂದು ಸಿಆರ್‌ಎಲ್, ಅಂದರೆ ಭ್ರೂಣದ ಉದ್ದ. ಇನ್ನೊಂದು ಗರ್ಭಚೀಲದ ಸರಾಸರಿ ಅಳತೆ, ಎಂಎಸ್‌ಡಿ ಎಂದು ಬರೆದಿರುತ್ತಾರೆ.

ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಭ್ರೂಣ 7 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದವಿದ್ದು ಎದೆಬಡಿತ ಇಲ್ಲದಿದ್ದರೆ, ಅಥವಾ ಚೀಲ 25 ಮಿಲಿಮೀಟರ್ ಇಲ್ಲವೇ ಅದಕ್ಕಿಂತ ದೊಡ್ಡದಿದ್ದು ಒಳಗೆ ಭ್ರೂಣವೇ ಕಾಣದಿದ್ದರೆ ಗರ್ಭಪಾತ ಎನ್ನಬಹುದು. ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ತೀರ್ಮಾನ ಮಾಡುವ ಹಾಗಿಲ್ಲ. ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಆಗಬೇಕು. ಚೀಲ ಮಾತ್ರ ಕಂಡಿದ್ದರೆ ಎರಡು ವಾರವೂ ಕಾಯಬೇಕಾಗಬಹುದು. ಮುಟ್ಟಿನ ದಿನ ಹಿಂದೆ ಮುಂದೆ ಆಗುವ ಹೆಂಗಸರಲ್ಲಿ ‘ಎಂಟು ವಾರ’ ಎಂದು ನಾವು ಲೆಕ್ಕ ಹಾಕಿದ್ದು ನಿಜಕ್ಕೂ ಆರು ವಾರ ಇರಬಹುದು, ಅಲ್ವಾ? ಆರನೇ ವಾರದ ಹೊಸ್ತಿಲಲ್ಲಿ ಎದೆಬಡಿತ ಕಾಣದಿರುವುದು ಸಹಜ.

ಹಾಗಾಗಿ “ಇನ್ನೊಂದು ಸಲ ಸ್ಕ್ಯಾನ್ ಮಾಡಿ ನೋಡೋಣವಾ?” ಎಂದು ಕೇಳಲು ಸಂಕೋಚ ಬೇಡ. ಅಂಕಿ ಖಚಿತವಾಗಿದ್ದರೂ ಕೇಳಬಹುದು. ನನ್ನ ತಂಗಿಯ ಸಿಆರ್‌ಎಲ್ 11 ಮಿಲಿಮೀಟರ್ ಇತ್ತು, ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೂ ಮೂರು ದಿನ ಬಿಟ್ಟು ಮತ್ತೆ ಮಾಡಿಸಿದೆವು. ಅವಳಿಗೆ ಅದು ಬೇಕಿತ್ತು.

ಸ್ಕ್ಯಾನಿನಲ್ಲಿ ಗರ್ಭ ಎಲ್ಲೂ ಕಾಣದಿದ್ದರೆ ಬಸಿರಿನ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆಯನ್ನು 48 ಗಂಟೆ ಅಂತರದಲ್ಲಿ ಎರಡು ಸಲ ಮಾಡುತ್ತಾರೆ. ಒಂದೇ ಸಲದ ಅಂಕಿಯಿಂದ ಏನೂ ಹೇಳಲು ಬರುವುದಿಲ್ಲ.

ಬೆಡ್ ರೆಸ್ಟ್ ಬಗ್ಗೆಯೂ ಒಂದು ಮಾತು. ಮಲಗಿದ್ದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಎದೆಬಡಿತ ಇದ್ದು, ರಕ್ತ ಕಾಣಿಸಿ, ಹಿಂದೆ ಗರ್ಭಪಾತವೂ ಆಗಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಕೆಲವರಿಗೆ ಉಪಯೋಗವಾಗುತ್ತದೆ. ಎದೆಬಡಿತ ನಿಂತ ಮೇಲೆ ಯಾವ ಇಂಜೆಕ್ಷನ್ನೂ ಅದನ್ನು ಮರಳಿ ತರುವುದಿಲ್ಲ.

ಮೂರನೆಯದು: ಎರಡು ರಕ್ತ ಪರೀಕ್ಷೆ

ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು. ತಾಯಿ ಕಾರ್ಡ್ ಮಾಡಿಸಿದ್ದರೆ ಎರಡೂ ಅದರಲ್ಲೇ ಬರೆದಿರುತ್ತದೆ, ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಹಿಮೋಗ್ಲೋಬಿನ್ ಯಾಕೆ ಮುಖ್ಯ ಎಂದರೆ, ಮನೆಯಲ್ಲಿ ಹೋಗುವ ರಕ್ತವನ್ನು ತಡೆದುಕೊಳ್ಳುವ ಶಕ್ತಿ ಮೈಯಲ್ಲಿ ಇರಬೇಕು. ನಮ್ಮಲ್ಲಿ ರಕ್ತ ಕಡಿಮೆ ಇರುವ ಹೆಂಗಸರೇ ಜಾಸ್ತಿ. 9ಕ್ಕಿಂತ ಕೆಳಗಿದ್ದರೆ ನನ್ನ ಮನೆಯವರಾದರೆ ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳಲು ನಾನು ಬಿಡುವುದಿಲ್ಲ. ಆಸ್ಪತ್ರೆಯಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು.

ರಕ್ತದ ಗುಂಪು ನೆಗೆಟಿವ್ ಇದ್ದರೆ, ಮುಂದಿನ ಬಸಿರಿಗೆ ರಕ್ತದ ಗುಂಪಿನಿಂದ ತೊಂದರೆ ಆಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಿ. 12 ವಾರದೊಳಗೆ ಅದು ಬೇಡ ಎಂದು ಕೆಲವು ಕಡೆ ಈಗ ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನ ವೈದ್ಯರು ಕೊಡುತ್ತಾರೆ, 72 ಗಂಟೆಯೊಳಗೆ ಕೊಡಬೇಕು.

ನಾಲ್ಕನೆಯದು: ಮೂರು ದಾರಿಗಳಲ್ಲಿ ಒಂದು

ಮೊದಲನೆಯದು ಕಾಯುವುದು. ದೇಹ ತಾನಾಗಿಯೇ ಹೊರಹಾಕಲಿ ಎಂದು ಬಿಡುವುದು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಹೆಚ್ಚಿನವರಿಗೆ ಮೊದಲು ಸೂಚಿಸುವುದು ಇದನ್ನೇ, 7ರಿಂದ 14 ದಿನ. ಎಂಟು ವಾರಗಳಷ್ಟು ಕಾಲ ಕಾಯಲು ತಯಾರಿದ್ದರೆ ಸುಮಾರು 100ರಲ್ಲಿ 80 ಜನಕ್ಕೆ ಪೂರ್ತಿ ಆಗುತ್ತದೆ. ಈಗಾಗಲೇ ರಕ್ತ ಹೋಗುತ್ತಿದ್ದರೆ ಈ ದಾರಿ ಚೆನ್ನಾಗಿ ನಡೆಯುತ್ತದೆ. ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾಗಿ, ಮೈಗೆ ಯಾವ ಸೂಚನೆಯೂ ಇಲ್ಲದಿದ್ದರೆ ತಡವಾಗಬಹುದು. ಯಾವ ಗಂಟೆಯಲ್ಲಿ ಶುರುವಾಗುತ್ತದೋ ಗೊತ್ತಿಲ್ಲ ಎಂಬುದೇ ಇದರ ಕಷ್ಟ. ಬಸ್ಸಿನಲ್ಲಿರಬಹುದು, ಗಾರ್ಮೆಂಟ್ಸಿನ ಲೈನಿನಲ್ಲಿರಬಹುದು.

ಎರಡನೆಯದು ಮಾತ್ರೆ. ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಒಂದು ಮಾತ್ರೆ ನುಂಗಬೇಕು. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ, ಅಂದರೆ 200ರ ನಾಲ್ಕು ಮಾತ್ರೆ. ಕೆಲವು ಕಡೆ ಮಿಸೊಪ್ರೊಸ್ಟಾಲ್ ಒಂದನ್ನೇ ಕೊಡುತ್ತಾರೆ. ಆದರೆ ಎರಡನ್ನೂ ಕೊಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಎರಡೂ ತೆಗೆದುಕೊಂಡವರಲ್ಲಿ 100ಕ್ಕೆ 84 ಜನಕ್ಕೆ ಮೊದಲ ಡೋಸಿನಲ್ಲೇ ಪೂರ್ತಿ ಆಗಿತ್ತು. ಮಿಸೊಪ್ರೊಸ್ಟಾಲ್ ಒಂದನ್ನೇ ತೆಗೆದುಕೊಂಡವರಲ್ಲಿ 67. ಈಗಾಗಲೇ ಅರ್ಧ ಹೊರಗೆ ಬಂದಿದ್ದರೆ ಮಿಫೆಪ್ರಿಸ್ಟೋನ್ ಬೇಕಿಲ್ಲ, ಮಿಸೊಪ್ರೊಸ್ಟಾಲ್ ಡೋಸೂ ಕಡಿಮೆ ಇರುತ್ತದೆ.

ಇಲ್ಲಿ ಒಂದು ನೋವಿನ ವಿಷಯ. ಈ ಎರಡೂ ಮಾತ್ರೆ ನಮ್ಮಲ್ಲಿ ಒಂದೇ ಪ್ಯಾಕಿನಲ್ಲಿ ಬರುತ್ತವೆ, ಅಂಗಡಿಯಲ್ಲಿ ಎಂಟಿಪಿ ಕಿಟ್ ಎನ್ನುತ್ತಾರೆ. ಬೇಡವಾದ ಬಸಿರು ತೆಗೆಸುವವರಿಗೂ ಇದೇ ಕಿಟ್. ಬೇಕು ಬೇಕು ಎಂದು ಕಾದ ಬಸಿರು ಕಳೆದುಕೊಂಡವಳಿಗೆ ಅಂಗಡಿಯವನ ನೋಟ ಚುಚ್ಚುತ್ತದೆ. ನೀವು ಬಸಿರು ತೆಗೆಯುತ್ತಿಲ್ಲ. ಅದು ಆಗಲೇ ಹೋಗಿದೆ. ವೈದ್ಯರ ಚೀಟಿ ಹಿಡಿದು ಗಂಡನೋ ಅಣ್ಣನೋ ಹೋಗಿ ತರಲಿ.

ಮೂರನೆಯದು ಎಂವಿಎ. ಒಂದು ದೊಡ್ಡ ಪ್ಲಾಸ್ಟಿಕ್ ಸಿರಿಂಜಿನಿಂದ ಗರ್ಭಕೋಶದಲ್ಲಿರುವುದನ್ನು ಹೀರಿ ತೆಗೆಯುವುದು. ಹತ್ತು ಹದಿನೈದು ನಿಮಿಷದ ಕೆಲಸ. ಗರ್ಭಕೋಶದ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಸಾಕು, ಪೂರ್ತಿ ಪ್ರಜ್ಞೆ ತಪ್ಪಿಸಬೇಕಿಲ್ಲ. ಒಂದೆರಡು ಗಂಟೆಯಲ್ಲಿ ಮನೆಗೆ ಬರಬಹುದು. 100ರಲ್ಲಿ 97ಕ್ಕೂ ಹೆಚ್ಚು ಜನಕ್ಕೆ ಒಂದೇ ಸಲಕ್ಕೆ ಮುಗಿಯುತ್ತದೆ. ಜನ ಇದನ್ನೂ ‘ಡಿ ಅಂಡ್ ಸಿ’ ಎಂದೇ ಕರೆಯುತ್ತಾರೆ, ಆದರೆ ಎರಡೂ ಒಂದಲ್ಲ. ಹಳೆಯ ಡಿ ಅಂಡ್ ಸಿಯಲ್ಲಿ ಕ್ಯೂರೆಟ್ ಎಂಬ ಲೋಹದ ಉಪಕರಣದಿಂದ ಕೆರೆಯುತ್ತಾರೆ. ಕೆರೆಯುವ ಬದಲು ಹೀರುವ ವಿಧಾನವನ್ನೇ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಾಸ್ತಿ ಕೆರೆದರೆ ಒಳಪದರಕ್ಕೆ ಪೆಟ್ಟಾಗಿ ಮುಂದೆ ತೊಂದರೆ ಆಗಬಹುದು. ಹಾಗಾಗಿ “ಸಕ್ಷನ್ ಮಾಡ್ತೀರಾ, ಕ್ಯೂರೆಟ್ ಹಾಕ್ತೀರಾ?” ಎಂದು ಮೊದಲೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಆಯ್ಕೆ ಹೇಗೆ? ನಾನು ಮೊದಲು ಕೇಳುವುದು ಮನೆ ಎಲ್ಲಿದೆ ಎಂದು. ಮಲೆನಾಡಿನ ಒಂಟಿಮನೆ, ಮಳೆಗಾಲ, ರಾತ್ರಿ ಗಾಡಿ ಸಿಗುವುದಿಲ್ಲ ಎಂದರೆ ಎಂವಿಎ ಮಾಡಿಸಿಕೊಳ್ಳಿ ಎನ್ನುತ್ತೇನೆ. ಆಸ್ಪತ್ರೆ ಒಂದು ಗಂಟೆಯೊಳಗೆ ಸಿಗುವಂತಿದ್ದು, ಮನೆಯಲ್ಲಿ ಒಬ್ಬರು ಜೊತೆಗಿದ್ದರೆ ಮಾತ್ರೆಗೆ ಅಡ್ಡಿಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಬಹಳ ದಿನದಿಂದ ಸ್ಟೀರಾಯ್ಡ್ ಮಾತ್ರೆಯಲ್ಲಿರುವವರು, ಕಾಪರ್-ಟಿ ಒಳಗಿರುವವರು ವೈದ್ಯರಿಗೆ ಮೊದಲೇ ಹೇಳಿ. ಜ್ವರ, ನಂಜು, ತೀವ್ರ ರಕ್ತಸ್ರಾವ ಇದ್ದರೆ ಕಾಯುವ ಮಾತಿಲ್ಲ.

ಐದನೆಯದು: ಮಾತ್ರೆಯ ದಿನ

ತಂಗಿ ಮಾತ್ರೆಯನ್ನೇ ಆರಿಸಿಕೊಂಡಳು. ಶನಿವಾರ ಬೆಳಿಗ್ಗೆ ಎಂದು ನಿಗದಿ ಮಾಡಿದೆವು. ಹಗಲಲ್ಲಿ ಶುರುವಾದರೆ ಎಲ್ಲಕ್ಕೂ ಅನುಕೂಲ.

ಹಿಂದಿನ ದಿನವೇ ಇಷ್ಟು ತಯಾರಿರಲಿ: ದೊಡ್ಡ ಸೈಜಿನ ಪ್ಯಾಡ್ ಎರಡು ಪ್ಯಾಕೆಟ್, ಹಳೇ ಟವೆಲ್, ಥರ್ಮಾಮೀಟರ್, ಬಿಸಿನೀರಿನ ಬ್ಯಾಗ್, ಓಆರ್‌ಎಸ್, ಆಸ್ಪತ್ರೆಯ ನಂಬರ್, ಪೆಟ್ರೋಲ್ ಇರುವ ಗಾಡಿ. ದಿನಾ ಬಟ್ಟೆ ಬಳಸುವವರೂ ಆ ದಿನ ಪ್ಯಾಡ್ ಬಳಸಿ. ಬಟ್ಟೆಯಲ್ಲಿ ರಕ್ತದ ಲೆಕ್ಕ ಸಿಗುವುದಿಲ್ಲ.

ಮಿಫೆಪ್ರಿಸ್ಟೋನ್ ನುಂಗಿದ ದಿನ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅಡುಗೆ, ಆಫೀಸು ಎಲ್ಲ ಮಾಡಬಹುದು. ಕೆಲವರಿಗೆ ಅಷ್ಟಕ್ಕೇ ರಕ್ತ ಶುರುವಾಗುತ್ತದೆ.

ಮಿಸೊಪ್ರೊಸ್ಟಾಲ್ ದಿನ ಬೆಳಿಗ್ಗೆ ತಿಂಡಿ ತಿನ್ನಿ. ಮಾತ್ರೆಗೆ ಅರ್ಧ ಗಂಟೆ ಮುಂಚೆ ವೈದ್ಯರು ಬರೆದ ನೋವಿನ ಮಾತ್ರೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಐಬುಪ್ರೊಫೆನ್ 400 ಮಿಲಿಗ್ರಾಂ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಪ್ಯಾರಸಿಟಮಾಲ್. ನೋವು ಬಂದ ಮೇಲೆ ನೋಡೋಣ ಎಂದು ಕೂರಬೇಡಿ. ನಾಲ್ಕು ಮಾತ್ರೆಗಳನ್ನು ಯೋನಿಯೊಳಗೆ ಬೆರಳು ಮುಟ್ಟುವಷ್ಟು ಆಳಕ್ಕೆ ಇಟ್ಟು ಅರ್ಧ ಗಂಟೆ ಮಲಗಬೇಕು. ಕೆಲವು ವೈದ್ಯರು ನಾಲಿಗೆಯ ಕೆಳಗೆ ಅಥವಾ ಕೆನ್ನೆಯಲ್ಲಿ ಇಟ್ಟುಕೊಳ್ಳಲು ಹೇಳುತ್ತಾರೆ. ಚೀಟಿಯಲ್ಲಿ ಹೇಗಿದೆಯೋ ಹಾಗೆ.

ಎರಡರಿಂದ ನಾಲ್ಕು ಗಂಟೆಯಲ್ಲಿ ಹೊಟ್ಟೆ ಹಿಂಡಲು ಶುರುವಾಗುತ್ತದೆ. ಮುಟ್ಟಿನ ನೋವಿಗಿಂತ ಜಾಸ್ತಿ. ಚಳಿ ನಡುಕ, ಸ್ವಲ್ಪ ಜ್ವರ, ಭೇದಿ, ವಾಕರಿಕೆ ಬರಬಹುದು. ಅದು ಮಾತ್ರೆಯ ಗುಣ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. 24 ಗಂಟೆ ದಾಟಿದ ಮೇಲೂ ಜ್ವರ ಇದ್ದರೆ ಅದು ಮಾತ್ರೆಯದಲ್ಲ, ಆಸ್ಪತ್ರೆಗೆ ಹೋಗಿ.

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ನಾನು ಪೆನ್ಸಿಲ್‌ನಿಂದ ಬರೆಯುತ್ತಾ ಹೋದೆ. 9.10 ಮಾತ್ರೆ. 11.40 ನೋವು. 12.15 ಮೊದಲ ಪ್ಯಾಡ್. 1.00 ಎರಡನೆಯದು, ಪೂರ್ತಿ. 1.50 ಮೂರನೆಯದು. 3.10 ನಾಲ್ಕನೆಯದು, ಅರ್ಧ. ಅಮ್ಮ ಮಾತ್ರ ಆ ಎರಡು ಗಂಟೆ ಬಾಗಿಲಲ್ಲೇ ನಿಂತಿದ್ದರು, “ಇಷ್ಟೊಂದು ಹೋಗ್ತಿದೆಯಲ್ಲೇ” ಎನ್ನುತ್ತಾ. ಕ್ಯಾಲೆಂಡರ್ ತೋರಿಸಿದೆ. ಗಂಟೆಗೆ ಎರಡು ದಾಟಿಲ್ಲ, ಇಳಿಯುತ್ತಿದೆ. ಬರೆದಿಟ್ಟರೆ ಹೆದರಿಕೆಯೂ ಒಂದು ಹದಕ್ಕೆ ಬರುತ್ತದೆ. ನೀವೂ ಬರೆಯಿರಿ.

ಏನು ಕಾಣಿಸುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಲಿವರ್ ತುಂಡಿನಂಥ ಕಪ್ಪುಗೆಂಪು ಗಟ್ಟಿ ರಕ್ತ ಬರುತ್ತದೆ. ಅದರ ನಡುವೆ ಬೂದುಬಿಳಿ ಬಣ್ಣದ ಮೆತ್ತನೆಯ ಭಾಗ ಕಾಣಬಹುದು, ಗರ್ಭಚೀಲ ಅದು. ಎಂಟು ವಾರದಲ್ಲಿ ಭ್ರೂಣ ಒಂದೂವರೆ ಸೆಂಟಿಮೀಟರಿನಷ್ಟು. ಎಷ್ಟೋ ಜನಕ್ಕೆ ಕಾಣುವುದೇ ಇಲ್ಲ. ನೋಡಲೇಬೇಕೆಂದಿಲ್ಲ, ನೋಡಬಾರದೆಂದೂ ಇಲ್ಲ. ಪರೀಕ್ಷೆಗೆ ಬೇಕು ಎಂದು ವೈದ್ಯರು ಹೇಳಿದ್ದರೆ ಸ್ವಚ್ಛ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ನಿಮ್ಮ ಮನಸ್ಸಿಗೆ ಸರಿ ಕಂಡಂತೆ ಮಾಡಿ. ತಂಗಿ ಅದನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿದಳು. ಸಂಜೆ ಅವಳ ಗಂಡ ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ಬಂದ. ಯಾರೂ ಏನೂ ಮಾತಾಡಲಿಲ್ಲ.

24 ಗಂಟೆ ಕಳೆದರೂ ರಕ್ತವೇ ಹೋಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಇನ್ನೊಂದು ಡೋಸ್ ಕೊಡಬಹುದು. ನೀವಾಗಿಯೇ ಎರಡನೇ ಕಿಟ್ ತರಬೇಡಿ.

ಆರನೆಯದು: ಆಮೇಲಿನ ವಾರಗಳು

ಒಂದರಿಂದ ಎರಡು ವಾರ ರಕ್ತ ಸ್ವಲ್ಪ ಸ್ವಲ್ಪ ಹೋಗುತ್ತದೆ. ಅದು ನಿಲ್ಲುವವರೆಗೆ ಪ್ಯಾಡ್ ಮಾತ್ರ, ಕಪ್ ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ. ಒಂದೆರಡು ವಾರಕ್ಕೆ ಮತ್ತೆ ತೋರಿಸಿ. ಸ್ಕ್ಯಾನ್ ಮಾಡಬಹುದು, ಅಥವಾ ಮೂರು ವಾರಕ್ಕೆ ಮನೆಯಲ್ಲೇ ಯೂರಿನ್ ಟೆಸ್ಟ್ ಮಾಡಲು ಹೇಳಬಹುದು. ಮೂರು ವಾರದ ಮೇಲೂ ಎರಡು ಗೆರೆ ಬಂದರೆ ಆಸ್ಪತ್ರೆಗೆ ಹೋಗಿ, ಸುಮ್ನೆ ಬಿಡಬೇಡಿ. ಒಳಗೆ ಉಳಿದಿರಬಹುದು. ಅಪರೂಪಕ್ಕೆ ಅದು ಮೋಲಾರ್ ಬಸಿರೂ (ಮಾಸು ದ್ರಾಕ್ಷಿ ಗೊಂಚಲಿನಂತೆ ತಪ್ಪಾಗಿ ಬೆಳೆಯುವುದು) ಇರಬಹುದು, ಅದಕ್ಕೆ ಬೇರೆಯೇ ನಿಗಾ ಬೇಕು. ಇನ್ನೊಂದು ಕಡೆ, ಸ್ಕ್ಯಾನಿನಲ್ಲಿ ಒಳಪದರ ಸ್ವಲ್ಪ ದಪ್ಪ ಎಂದು ಬರೆದ ಮಾತ್ರಕ್ಕೆ ಕ್ಲೀನಿಂಗ್ ಬೇಕಾಗುವುದಿಲ್ಲ. ರಕ್ತ ಕಡಿಮೆಯಾಗುತ್ತಿದೆ, ನೋವಿಲ್ಲ ಎಂದರೆ ಕಾಯಬಹುದಾ ಎಂದು ಕೇಳಿ.

ನಮ್ಮ ಕಡೆ ಇದಕ್ಕೂ ಬಾಣಂತನದ ಹಾಗೆ ಪಥ್ಯ ಮಾಡಿಸುತ್ತಾರೆ. ಬಿಸಿನೀರು, ಬೆಚ್ಚಗಿನ ಹೊದಿಕೆ, ಆರೈಕೆ ಎಲ್ಲ ಇರಲಿ, ಅದರಲ್ಲಿ ಪ್ರೀತಿ ಇದೆ. ಆದರೆ ನೀರು ಕುಡಿಯಬೇಡ, ಸೊಪ್ಪು ತಿನ್ನಬೇಡ ಎನ್ನುವುದು ಬೇಡ. ರಕ್ತ ಹೋದ ಮೈಗೆ ರಾಗಿ, ಸೊಪ್ಪು, ಕಾಳು, ಮೊಟ್ಟೆ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಕೆಲಸಕ್ಕೆ ಹೋಗುವವರಿಗೆ: ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೂ ಕಾನೂನಿನಲ್ಲಿದೆ. ಇಎಸ್‌ಐ ಇರುವವರಿಗೂ ಆರು ವಾರದ ಸೌಲಭ್ಯವಿದೆ. ವೈದ್ಯರ ಸರ್ಟಿಫಿಕೇಟಿನಲ್ಲಿ ‘ಹೊಟ್ಟೆನೋವು’ ಎಂದು ಬರೆಸಿಕೊಂಡು ಎರಡು ದಿನ ರಜೆ ಹಾಕುವವರನ್ನು ತುಂಬಾ ನೋಡಿದ್ದೇನೆ. ಗರ್ಭಪಾತ ಎಂದೇ, ತಾರೀಖಿನ ಜೊತೆ ಬರೆಸಿಕೊಳ್ಳಿ.

ಇನ್ನು ಮನಸ್ಸು. ಪಪ್ಪಾಯಿ ತಿಂದೆ, ಸ್ಕೂಟರಲ್ಲಿ ಹೋದೆ, ನೀರಿನ ಕೊಡ ಎತ್ತಿದೆ, ಸಿಟ್ಟು ಮಾಡಿಕೊಂಡೆ. ಒಪಿಡಿಯಲ್ಲಿ ಪ್ರತಿಯೊಬ್ಬಳೂ ಇಂಥದ್ದೊಂದು ಪಟ್ಟಿ ಹಿಡಿದು ಬರುತ್ತಾಳೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದು. ಅದು ಬಸಿರಿನ ಮೊದಲ ದಿನವೇ ಆಗಿಹೋಗಿರುತ್ತದೆ, ನೀವು ಮಾಡಿದ್ದರಿಂದ ಆದದ್ದಲ್ಲ. ಅತ್ತೆ, ಅಮ್ಮ, ನಾದಿನಿ ಇದನ್ನು ಓದುತ್ತಿದ್ದರೆ, ದಯವಿಟ್ಟು “ಏನು ತಿಂದೆ?” ಎಂದು ಕೇಳಬೇಡಿ. ನಿದ್ದೆ ಬರುತ್ತಿಲ್ಲ, ಎರಡು ವಾರವಾದರೂ ಅಳು ನಿಲ್ಲುತ್ತಿಲ್ಲ, ಬದುಕುವುದೇ ಬೇಡ ಅನಿಸುತ್ತಿದೆ ಎಂದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಡನೂ ಮಾಡಬಹುದು. ಅವನನ್ನು ಯಾರೂ ಕೇಳುವುದೇ ಇಲ್ಲ.

ಕೊನೆಯದು: ಮುಂದಿನ ಬಸಿರು

ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ. ಆದರೆ ಅಂಡ ಎರಡನೇ ವಾರದಲ್ಲೇ ಬಿಡುಗಡೆ ಆಗಬಹುದು. ಈಗಲೇ ಬೇಡ ಎನ್ನುವವರು ಮೊದಲ ದಿನದಿಂದಲೇ ಏನಾದರೂ ವಿಧಾನ ಬಳಸಿ. ಬೇಕು ಎನ್ನುವವರು ಒಂದು ಮುಟ್ಟು ಕಳೆಯಲಿ, ಆಗ ವಾರಗಳ ಲೆಕ್ಕ ಸುಲಭ. ಆರು ತಿಂಗಳು ಕಾಯಲೇಬೇಕು ಎಂದು ಎಲ್ಲರಿಗೂ ಹೇಳಬೇಕಾಗಿಲ್ಲ. ರಕ್ತ ಕಡಿಮೆ ಇದ್ದರೆ ಅದು ಸರಿಯಾಗುವವರೆಗೆ ಕಾಯಿರಿ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಈಗಲೇ ಶುರು ಮಾಡಿ.

ಒಂದು ಸಲ ಆದದ್ದಕ್ಕೆ ದೊಡ್ಡ ದೊಡ್ಡ ಟೆಸ್ಟ್ ಬೇಕಿಲ್ಲ. ಎರಡು ಮೂರು ಸಲ ಆದರೆ ಥೈರಾಯ್ಡ್, ಎಪಿಎಲ್‌ಎ (ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಪ್ರತಿಕಾಯ) ಇದೆಯೇ ಎಂದು ನೋಡುವ ರಕ್ತ ಪರೀಕ್ಷೆ, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್ ಮಾಡಿಸಬೇಕು. ಎಪಿಎಲ್‌ಎ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಯಸ್ಸಿನ ಲೆಕ್ಕವೂ ತಿಳಿದಿರಲಿ: 35ರಲ್ಲಿ ಐದು ಬಸಿರಿಗೆ ಸುಮಾರು ಒಂದು, 40ರಲ್ಲಿ ಐದಕ್ಕೆ ಸುಮಾರು ಎರಡು ಹೀಗೆ ಹೋಗುತ್ತವೆ.

ಮತ್ತೆ ಬಸಿರಾದರೆ ಏಳನೇ ವಾರಕ್ಕೆ ಸ್ಕ್ಯಾನ್ ಮಾಡಿಸಿ, ಅದಕ್ಕಿಂತ ಮುಂಚೆ ಹೋಗಿ ಸುಮ್ನೆ ಗಾಬರಿ ಪಡಬೇಡಿ. ಹೋಗುವಾಗ ಹಳೆಯ ರಿಪೋರ್ಟ್ ಜೊತೆಗಿರಲಿ, ಒಬ್ಬರು ಜೊತೆಗೆ ಬರಲಿ. ಸ್ಕ್ರೀನ್ ತನ್ನ ಕಡೆ ತಿರುಗಿಸಿ ಎಂದು ತಂಗಿ ಮೊದಲೇ ಕೇಳಿಕೊಂಡಳು. ತಿರುಗಿಸಿದರು.